ಸಹಿಗೆ ಮುಂಚೆ ಹೇಳಿಸುತ್ತಿದ್ದ ಕಾಕಾ

ಕಾಕಾ ಅವರ ಬೆರಳುಗಳ ತುದಿ ಯಾವಾಗಲೂ ನೀಲಿ. ಕಾರ್ಬನ್ ಹಾಳೆಯ ಬಣ್ಣ ಅದು, ಯಾವ ಸೋಪಿಗೂ ಹೋಗುತ್ತಿರಲಿಲ್ಲ. ಅವರ ಮನೆಯ ಸಕ್ಕರೆ ಡಬ್ಬಿಯ ಮುಚ್ಚಳ, ಬಾಗಿಲ ಚಿಲಕ, ಅಂಗಿಯ ಕಾಲರು ಎಲ್ಲದರ ಮೇಲೂ ಅದೇ ಗುರುತು. "ಇವ್ರು ಏನರ ಕಳವು ಮಾಡಿದ್ರ ಅವತ್ತೇ ಸಿಕ್ಕಿಬೀಳ್ತಾರ" ಎಂದು ಅವರ ಹೆಂಡತಿ, ನಮ್ಮೆಲ್ಲರ ಕಾಕು, ನಗುತ್ತಿದ್ದರು.

ಪುಣೆಯ ಶಿವಾಜಿನಗರದ ಕೋರ್ಟಿನ ಗೋಡೆಗೆ ಒತ್ತಿ ಕಾಕಾನ ಮೇಜು. ತಲೆಯ ಮೇಲೆ ತಾಡಪತ್ರಿಯ ಚಪ್ಪರ, ಎದುರಿಗೆ ಅರ್ಜಿ ಹೊಡೆಯುವ ಟೈಪ್‌ರೈಟರ್, ಬಂದವರಿಗೊಂದು ಸ್ಟೂಲು. ವಿಜಾಪುರದ ಕಡೆಯವರು, ಯೆರವಡಾದಲ್ಲಿ ನಮ್ಮ ಓಣಿಯಲ್ಲೇ ಮನೆ. ನಾನು ಕನ್ನಡ ಶಾಲೆಯ ಟೀಚರ್ ಆದ್ದರಿಂದ ನನ್ನನ್ನು 'ಅಕ್ಕೋರ' ಎನ್ನುತ್ತಿದ್ದರು.

ಅವರದೊಂದು ಪದ್ಧತಿ ಇತ್ತು. ಯಾವ ಕಾಗದವೇ ಆಗಲಿ, ಸಹಿಗೆ ಮುಂಚೆ ಅದರಲ್ಲಿರುವುದನ್ನು ಮನೆಯಲ್ಲಿ ಆಡುವ ಮಾತಿನಲ್ಲಿ ಗಟ್ಟಿಯಾಗಿ ಹೇಳಿಸುತ್ತಿದ್ದರು. ಕಟ್ಟಡ ಕೆಲಸದ ಯಾದಗಿರಿಯವರಿಗೂ, ಹೋಟೆಲ್ ಇಟ್ಟ ಕುಂದಾಪುರದವರಿಗೂ, ಮರಾಠಿಯವರಿಗೂ ಅದೇ ಕಾಯ್ದೆ. ಓದಲು ಬಾರದವರಿಗೆ ತಾವೇ ಓದಿ ತಿಳಿಸಿ, "ಈಗ ನೀವು ಹೇಳ್ರಿ" ಎನ್ನುವರು. ಸರದಿಯಲ್ಲಿ ಕಾದು ಬೇಸತ್ತವರು ಬೈದುಕೊಳ್ಳುತ್ತಾ ಪಕ್ಕದ ಮೇಜಿಗೆ ಹೋಗುತ್ತಿದ್ದರು. ಕಾಕಾ ತಲೆ ಎತ್ತಿಯೂ ನೋಡುತ್ತಿರಲಿಲ್ಲ.

ನಾನು ಆ ಸ್ಟೂಲಿನ ಮೇಲೆ ಕೂತದ್ದು ಒಂದು ವಿಮಾನದ ದೆಸೆಯಿಂದ. ಎರಡು ಸಾವಿರದ ಇಸವಿಯ ಆಚೀಚೆಯ ಮಾತು. ಬೆಂಗಳೂರಿನಲ್ಲಿ ಅಣ್ಣನ ಮನೆಯಲ್ಲಿ ಅವ್ವನಿಗೆ ಕಾಯಿಲೆ ಜೋರಾಗಿತ್ತು. ಜೀವನದಲ್ಲಿ ಮೊದಲ ಸಲ ವಿಮಾನದ ಟಿಕೆಟ್ ತೆಗೆಸಿದೆ. ಬೆಳಿಗ್ಗೆ ಆರಕ್ಕೆ ವಿಮಾನ ನಿಲ್ದಾಣಕ್ಕೆ ಹೋಗಿ ಕೂತವಳಿಗೆ ಮಧ್ಯಾಹ್ನ ಒಂದಕ್ಕೆ ವಿಮಾನ ರದ್ದು ಎಂದರು. ಬಸ್ಸು ಹಿಡಿದು ಮಾರನೆಯ ದಿನ ಮುಟ್ಟುವಷ್ಟರಲ್ಲಿ ಅವ್ವ ಇರಲಿಲ್ಲ. ಅಣ್ಣ ವಿಮಾನ ಕಂಪನಿಗೆ ಫೋನು ಮಾಡಿ ಕೇಳಿದ್ದನಂತೆ. ಪ್ರಯಾಣಿಕರಿಗೆಲ್ಲ ಹಿಂದಿನ ದಿನವೇ ತಿಳಿಸಿದ್ದೇವೆ ಎಂದರಂತೆ. "ಗೊತ್ತಾದ ಕೂಡ್ಲೆ ಬಸ್ಸು ಹತ್ತಿದ್ರ ಅವ್ವ ಸಿಗ್ತಿದ್ಳು" ಎಂದು ಹನ್ನೊಂದನೆಯ ದಿನ ಎಲ್ಲರೆದುರು ಅಂದುಬಿಟ್ಟ. ನನ್ನ ಮಾತನ್ನು ಯಾರೂ ನಂಬಲಿಲ್ಲ.

ಪುಣೆಗೆ ಬಂದು ಗ್ರಾಹಕರ ಕೋರ್ಟಿಗೆ ದೂರು ಕೊಟ್ಟೆ. ಕಾಕಾನೇ ಟೈಪ್ ಮಾಡಿದರು. ಆಮೇಲೆ ಎರಡು ವರ್ಷ ಬರೀ ತಾರೀಖು. ಶಾಲೆಗೆ ರಜೆ ಹಾಕಿ ಹೋದರೆ ಕಂಪನಿಯ ವಕೀಲರು ಬಂದಿಲ್ಲ. ಅವರು ಬಂದ ದಿನ ಜಡ್ಜ್ ಸಾಹೇಬರೇ ರಜೆ. ಕಡೆಗೆ ಕಂಪನಿಯವರು ರಾಜಿ ಕಾಗದ ಕಳಿಸಿದರು. ಟಿಕೆಟ್ಟಿನ ಹಣ ವಾಪಸು, ಮೇಲೊಂದು ಬಿಟ್ಟಿ ಟಿಕೆಟ್. ನನಗೆ ಸಾಕಾಗಿ ಹೋಗಿತ್ತು. ಒಪ್ಪಿಗೆ ಪತ್ರ ಟೈಪ್ ಮಾಡಿಕೊಡಿ ಎಂದು ಆ ಕಾಗದವನ್ನು ಕಾಕಾನ ಮುಂದಿಟ್ಟೆ.

"ಹೇಳ್ರಿ," ಎಂದರು.

"ಕಾಕಾ, ನಾ ಟೀಚರ್ ಇದ್ದೀನ್ರಿ. ಎಲ್ಲಾ ಓದೀನಿ."

"ಓದೀರಿ. ಹೇಳಿಲ್ಲ."

ಸಿಡುಕುತ್ತಲೇ ಶುರು ಮಾಡಿದೆ. ಹಣ ಬರುತ್ತದೆ, ಕೇಸು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಮೂರನೆಯ ಕಲಮು: "ವಿಮಾನ ರದ್ದಾಗಿದ್ದು ನನಗ ಹಿಂದಿನ ದಿನಾನೇ ಗೊತ್ತಿತ್ತು..." ಅಲ್ಲಿಗೆ ಕಾಗದ ಕೆಳಗಿಟ್ಟೆ. ಇಂಗ್ಲಿಷಿನಲ್ಲಿ ಅದನ್ನು ನಾಲ್ಕು ಸಲ ಓದಿದ್ದೆ. ಒಮ್ಮೆಯೂ ಅಣ್ಣನ ದನಿ ಕೇಳಿಸಿರಲಿಲ್ಲ.

ಕಾಕಾ ಚಹಾ ತರಿಸಿದರು. ಅರ್ಧ ಕುಡಿದ ಮೇಲೆ ತಮ್ಮದನ್ನು ಹೇಳಿದರು. ತೊಂಬತ್ತರ ದಶಕದಲ್ಲಿ ಪಿಂಪ್ರಿಯ ಕಾರ್ಖಾನೆಯೊಂದರ ಆಫೀಸಿನಲ್ಲಿ ಅವರು ಟೈಪಿಸ್ಟ್. ಕಾರ್ಖಾನೆ ಮುಚ್ಚುವಾಗ 'ಸ್ವಂತ ಇಚ್ಛೆಯಿಂದ ಹೋಗುತ್ತಿದ್ದೇನೆ' ಎಂದು ಎಲ್ಲರ ರಾಜೀನಾಮೆ ಟೈಪ್ ಮಾಡಿದ್ದು ಅವರೇ. ಕೊನೆಯದು ಅವರದೇ.

"ಎಲ್ಲಾರದು ಹೊಡದಂಗ ನಂದೂ ಹೊಡದೆ, ಸಹಿ ಮಾಡಿದೆ. ಮನ್ಯಾಗ ಮಗ ಆ ಕಾಗದ ಓದಿ ತನ್ನ ಅವ್ವಗ ಹೇಳಿದ. ನಾನಾಗೇ ನೌಕರಿ ಬಿಟ್ಟೆ ಅಂತ ಆಕಿ ಇವತ್ತಿಗೂ ತಿಳ್ಕೊಂಡಾಳ. ಅಲ್ಲ ಅನ್ನಾಕ ನನಗ ಬಾಯಿ ಬರಲಿಲ್ಲ."

ಉಳಿದ ಚಹಾ ಮುಗಿಸಿ ಅಂದರು: "ಸಹಿ ನಿಮಗ ಬಿಟ್ಟದ್ದು, ಅಕ್ಕೋರ. ನೀವು ದಣದೀರಿ, ಗೊತ್ತದ. ನಾನೂ ಅವತ್ತು ಭಾಳ ದಣದಿದ್ದೆ."

ಆ ಕಲಮಿನ ಮೇಲೆ ಗೆರೆ ಎಳೆದು ಕಾಗದವನ್ನು ಹಾಗೇ ವಾಪಸು ಕಳಿಸಿದೆ. ಮತ್ತೆ ಒಂದು ವರ್ಷ ತಾರೀಖು. ಮಧ್ಯೆ ಎಷ್ಟೋ ಸಲ, ಈ ಮುದುಕನ ಮಾತು ಕೇಳಿ ಕೆಟ್ಟೆ ಎಂದು ಕಾಕಾನನ್ನೇ ಶಪಿಸಿದ್ದೇನೆ. ಕೊನೆಗೆ ಕಂಪನಿಯವರು ಬಿಟ್ಟಿ ಟಿಕೆಟ್ ಕಿತ್ತುಕೊಂಡು, ರದ್ದಾದದ್ದನ್ನು ಅದೇ ದಿನ ಮಧ್ಯಾಹ್ನ ತಿಳಿಸಿದೆವು ಎಂದು ಬರೆದುಕೊಟ್ಟರು. ಅದಕ್ಕೆ ಸಹಿ ಮಾಡಿದೆ. ಅದರದೊಂದು ಪ್ರತಿ ಅಣ್ಣನಿಗೆ ಕಳಿಸಿದೆ. ವಾರದ ಮೇಲೆ ಅವನ ಫೋನು ಬಂತು. "ಅಷ್ಟೊತ್ತು ಅಲ್ಲಿ ಒಬ್ಬಾಕಿನೇ ಕೂತಿದ್ದೇನು?" ಎಂದ. ನನಗೆ ಅಳು ತಡೆಯಲಾಗಲಿಲ್ಲ.

ಕಾಕಾ ಹೋಗಿದ್ದು ಅದಾದ ಮೂರ್ನಾಲ್ಕು ವರ್ಷಕ್ಕೆ. ತೀರಿಕೊಳ್ಳುವ ಒಂದು ವಾರ ಮುಂಚೆ ಆಸ್ಪತ್ರೆಯಲ್ಲಿದ್ದರು. ಡಾಕ್ಟರು ಇನ್ನಷ್ಟು ದಿನ ಇರಿ ಎಂದರು. ಇವರು ಮನೆಗೆ ಹೋಗುತ್ತೇನೆಂದು ಹಟ ಹಿಡಿದರು. ಅದಕ್ಕೂ ಒಂದು ಇಂಗ್ಲಿಷ್ ಫಾರ್ಮು. ಮಗ ಪೆನ್ನು ಕೊಡಲು ಹೋದರೆ ಬೇಡವೆಂದು ಕೈಯಾಡಿಸಿ, ಕಾಗದವನ್ನು ನೋಡಲು ಹೋಗಿದ್ದ ನನ್ನ ಕಡೆ ತಳ್ಳಿದರು. ಈಗ ಓದಿ ತಿಳಿಸುವ ಸರದಿ ನನ್ನದಾಯಿತು. 'ಡಾಕ್ಟರ ಸಲಹೆ ಮೀರಿ, ಸ್ವಂತ ಇಚ್ಛೆಯಿಂದ...' ಎಂಬಲ್ಲಿಗೆ ಬಂದಾಗ ನನ್ನ ದನಿ ಇಳಿಯಿತು.

ಕಾಕಾ ಮಂಚದ ತುದಿಯಲ್ಲಿ ಕೂತ ಕಾಕುವಿನ ಕಡೆ ತಿರುಗಿದರು.

"ನಾನಾಗೇ ಹೋಗಾಕ ಹತ್ತೀನಿ," ಎಂದು ಒಂದೊಂದೇ ಮಾತು ಬಿಡಿಸಿ ಹೇಳಿದರು. "ಇದು ಖರೆ ಅದ. ಅವತ್ತಿಂದು ಖರೆ ಇರಲಿಲ್ಲ."

ಕಾಕು ಅವರ ಕೈಗೆ ಪೆನ್ನು ಇಟ್ಟರು. ಬೆರಳುಗಳಲ್ಲಿ ನೀಲಿ ಉಳಿದಿರಲಿಲ್ಲ.

"ಅದು ನನಗ ಅವತ್ತೇ ಗೊತ್ತಾಗಿತ್ರಿ," ಎಂದರು. "ಸಹಿ ಮಾಡ್ರಿ, ಮನಿಗೆ ಹೋಗೂಣು."