ಕೊಯ್ಯದೆ ಒಳಗೆ ನೋಡುವ ಯಂತ್ರ

ಹಿರೇನಲ್ಲೂರಿನಲ್ಲಿರುವ ನನ್ನ ಅಕ್ಕ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯನ್ನು ಮುಂದೂಡುತ್ತಲೇ ಬಂದಿದ್ದಳು. ಪೊರೆ ಇನ್ನೂ ಬಲಿತರೆ ಕಷ್ಟವೆಂದು ವೈದ್ಯರು ಎಚ್ಚರಿಸಿದ್ದರು. ಈ ಹಟಕ್ಕೆ ಕಾರಣ ನಾನೇ ಎಂದು ಭಾವ ಫೋನಿನಲ್ಲಿ ಹೇಳಿದಾಗ ನಂಬಲಾಗಲಿಲ್ಲ. ಕಡೂರಿನಿಂದ ಬಸ್ಸು ಹಿಡಿದು ಹೋದೆ.

ಅಕ್ಕ ಜಗಲಿಯ ಮೇಲೆ ಕೂತು, ಅಟ್ಟದಿಂದ ಇಳಿಸಿದ ತೆಂಗಿನಕಾಯಿಗಳನ್ನು ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸುತ್ತಿದ್ದಳು. ನೀರು ಇಂಗಿದ್ದರೆ ಒಳಗೆ ಕೊಬ್ಬರಿ ಲೊಡಲೊಡ ಎನ್ನುತ್ತದೆ. ಇಲ್ಲದಿದ್ದರೆ ಕಾಯಿ ಮತ್ತೆ ಅಟ್ಟಕ್ಕೆ.

"ಕೊಯ್ಯದೇನೆ ಒಳಗೆ ನೋಡೋ ಮಿಷನ್ ಬಂದೈತೆ ಅಂತ ನೀನೇ ಅಲ್ವೇನೋ ಹೇಳಿದ್ದು? ಅದಕ್ಕೇ ಕಾಯ್ತಾ ಇದೀನಿ ಕಣೋ."

"ಯಾವಾಗ ಹೇಳಿದೆ?"

"ಅಪ್ಪನ ವರ್ಷದ ತಿಥಿ ದಿನ."

ಮೊಬೈಲಿನಲ್ಲಿ ಹಳೆಯ ಇಮೇಲ್‌ಗಳನ್ನು ತೆರೆದು ತಾಳೆ ನೋಡಿದೆ. ಅವಳು ಹೇಳುತ್ತಿದ್ದ ಮಿಷನ್, ಅಂದರೆ ಇಲಿಯ ಮಿದುಳನ್ನು ನೋಡುವ ಸೂಕ್ಷ್ಮದರ್ಶಕ, ತಿಥಿಯ ಹೊತ್ತಿಗೆ ನಾನು ಕೆಲಸ ಮಾಡುತ್ತಿದ್ದ ಪ್ರಯೋಗಾಲಯಕ್ಕೆ ಬಂದೇ ಇರಲಿಲ್ಲ. ಹೇಳಿದ್ದು ತಿಥಿಯ ನಂತರ ಬಂದ ಯುಗಾದಿಗೆ ಇರಬೇಕು. ಹಾಗೆಂದೆ.

"ಯುಗಾದಿನೇ ಅನ್ಕೋ. ಹೇಳಿದ್ದು ಹೌದೋ ಅಲ್ವೋ?"

ಹೌದು.

ವಿವರಿಸಲು ಕೂತೆ. ಇದನ್ನೇ ಎಷ್ಟೋ ಅನುದಾನ ಸಮಿತಿಗಳೆದುರು ಒಪ್ಪಿಸಿದ್ದೆ. ಮಾತಿಗಿಂತ ಮೊದಲೇ ದಣಿವು ಬಂತು. ಇಲಿಯ ಮಿದುಳಿನ ಕೋಶಗಳಲ್ಲಿ ಹೊಳೆಯುವ ಪ್ರೋಟೀನನ್ನು ಮೊದಲೇ ಸೇರಿಸಿರುತ್ತೇವೆ. ಲೇಸರ್ ಬೆಳಕು ತಗುಲಿದರೆ ಅವು ಮಿನುಗುತ್ತವೆ. ಆ ಮಿನುಗು ಕ್ಷಣದಲ್ಲಿ ಆರುತ್ತದೆ, ಇಲಿ ಉಸಿರೆಳೆದರೆ ಮಿದುಳೂ ಅಲುಗುತ್ತದೆ. ಆದ್ದರಿಂದ ಚಿತ್ರವನ್ನು ಅತಿ ವೇಗವಾಗಿ ಹಿಡಿಯಬೇಕು. ಆಳಕ್ಕೆ ಇಳಿದಷ್ಟೂ ಬೆಳಕು ಮಜ್ಜಿಗೆಯೊಳಗೆ ಹೊಕ್ಕಂತೆ ಚದುರಿಹೋಗುತ್ತದೆ. ಆ ಚದುರುವಿಕೆಯೊಡನೆ ಗುದ್ದಾಡುವುದರಲ್ಲೇ ನನ್ನ ವೃತ್ತಿಜೀವನ ಕಳೆಯಿತು. ಈಗ ಅಕ್ಕನ ಕಣ್ಣಿನ ಬಿಳಿ ಪೊರೆಯಲ್ಲಿ ನಡೆಯುತ್ತಿದ್ದುದೂ ಅದೇ. ಅಲ್ಲಿಯೂ ಬೆಳಕು ಹೊಕ್ಕು ಚದುರುತ್ತಿತ್ತು.

"ಹಂಗಾದ್ರೆ ಅದ್ರಲ್ಲೇ ನೋಡಿ ತೆಗ್ದುಬಿಡು."

"ನಾವು ನೋಡ್ತೀವಿ ಅಷ್ಟೇ ಅಕ್ಕ. ತೆಗೆಯೋದು ಡಾಕ್ಟ್ರ ಕೆಲಸ."

"ಇಷ್ಟು ವರ್ಷ ಬರೀ ನೋಡಿದ್ಯಾ?"

ಒಳಗೆ ಭಾವ ನಕ್ಕದ್ದು ಕೇಳಿಸಿತು. ನೋಡುವುದೇ ದೊಡ್ಡದೆಂದು ನಂಬಿದ್ದವನು ನಾನು, ಈಗಲೂ ನಂಬುತ್ತೇನೆ. ಜಗಲಿಯ ಮೇಲೆ ಅದನ್ನು ಹೇಳುವ ಶಕ್ತಿ ಉಳಿದಿರಲಿಲ್ಲ.

"ಕೊಯ್ಯದೆ ಆಗಲ್ವಾ?"

"ಆಗಲ್ಲ."

ಕೈಯಲ್ಲಿದ್ದ ಕಾಯಿಯನ್ನು ಅವಳು ಮತ್ತೊಮ್ಮೆ ಅಲ್ಲಾಡಿಸಿದಳು, ತಡವಿ ನೋಡಿ ಸದ್ದಿಲ್ಲದ ಕಾಯಿಗಳ ಗುಂಪಿಗೆ ಸೇರಿಸಿದಳು.

"ಸರಿ, ಬೆಳಿಗ್ಗೆ ಬಸ್ಸಿಗೆ ಹೋಗಣ. ನೀನೂ ಬಾ. ಡಾಕ್ಟ್ರ ಮುಂದೆ ಮಾತ್ರ ಇಲಿ ಕತೆ ತೆಗೀಬೇಡ."