ಒಡೆದ ಗುಡ್ಡದ ಚಿತ್ರ

ಕಲ್ಲುಕ್ವಾರಿಯಲ್ಲಿ ಕುಳಿ ಕೊರೆದು ಕೊರೆದು ಅವನ ಎದೆಯೊಳಗೆಲ್ಲ ಕಲ್ಲಿನ ಧೂಳು ಕೂತಿತ್ತು. ಡಾಕ್ಟರು ಕೆಲಸ ಬಿಡಿಸಿದರು. ಸುಮ್ಮನೆ ಕೂರಲಾರದವನು ಈಚೆಗಷ್ಟೇ ಊರಿಗೆ ಬಂದು ಮೂಲೆಮನೆಯಲ್ಲಿದ್ದ ಡ್ರಾಯಿಂಗ್ ಮೇಷ್ಟ್ರ ಹತ್ತಿರ ಎಣ್ಣೆಬಣ್ಣ ಕಲಿಯಲು ಹೋದ. ಬರೆಯಬೇಕೆಂದಿದ್ದು ಒಂದೇ ಚಿತ್ರ: ತಾನೇ ಸಿಡಿಮದ್ದಿಟ್ಟು ನೆಲಸಮ ಮಾಡಿದ ಗುಡ್ಡ.

“ಮೊದಲು ಆಕಾಶ ಬರಿ. ದೂರದ್ದು ಮಸುಕಾಗಿರಲಿ, ಹತ್ತಿರದ್ದು ಗಾಢವಾಗಿರಲಿ,” ಎನ್ನುತ್ತ ಮೇಷ್ಟ್ರು ಬಣ್ಣ ತೆಳ್ಳಗಾಗಿಸಲು ಟರ್ಪೆಂಟೈನ್ ಶೀಸೆ ತೆರೆದದ್ದೇ ತಡ, ಅವನಿಗೆ ಉಸಿರು ಕಟ್ಟಿ ಕೆಮ್ಮು ಹತ್ತಿತು. ಮೇಷ್ಟ್ರು ಗಾಬರಿಯಿಂದ ಶೀಸೆ ಮುಚ್ಚಿದರು.

“ಇದು ನಿನಗೆ ಆಗಿಬರಲ್ಲಪ್ಪ. ಬಣ್ಣವನ್ನೇ ತೆಳ್ಳಗೆ ಉಜ್ಜು, ಬ್ರಷ್ಷು ಸೋಪಲ್ಲಿ ತೊಳಿ. ಒಣಗೋದು ನಿಧಾನ, ಅಷ್ಟೇ.”

ಆಕಾಶ ಮುಗಿಯಿತು. ಗುಡ್ಡಕ್ಕೆ ಕೈಹಾಕಿದಾಗ ಅದರ ನೆತ್ತಿ ಹೇಗಿತ್ತೆಂಬುದೇ ನೆನಪಾಗಲಿಲ್ಲ. ಹೆಂಡತಿಯನ್ನು ಕೇಳಿದ.

“ನಾನು ಮದುವೆಯಾಗಿ ಬರೋವಾಗ್ಲೇ ಅರ್ಧ ಒಡೆದಿದ್ರಿ. ಒಡೆದೋರು ನೀವು, ನನ್ನ ಕೇಳ್ತೀರಲ್ಲ!”

ಅಕ್ಕ “ಎರಡು ಕೋಡಿತ್ತು ಕಣೋ” ಎಂದಳು. ಜೊತೆಗೆ ದುಡಿದಿದ್ದ ಮುದುಕ “ಒಂದೇ, ಆನೆ ಬೆನ್ನಿನ ಹಾಗೆ” ಎಂದು ಆಣೆ ಮಾಡಿದ. ಅವನು ಎರಡು ಕೋಡು ಬರೆದು ಚಾಕುವಿನಿಂದ ಕೆರೆದ. ಒಂದೇ ಬರೆದು ಅದನ್ನೂ ಕೆರೆದ. ಹಸಿ ಬಣ್ಣಗಳೆಲ್ಲ ಕಲಸಿ ಕೆಸರಾದವು.

“ವರ್ಷಗಟ್ಟಲೆ ದಿನಾ ಅದನ್ನೇ ನೋಡ್ತಿದ್ದೆ ಕಣೇ,” ಎಂದು ಹೆಂಡತಿಗೆ ಹೇಳಿದ. “ಮದ್ದು ಎಲ್ಲಿಡಬೇಕು ಅಂತ ಮಾತ್ರ ನೋಡಿದೆ.”

ಮಳೆಗಾಲ ಮುಗಿಯುವ ಮೊದಲೇ ಅವನು ತೀರಿಕೊಂಡ. ಚಿತ್ರ ಮುಗಿಸಿಕೊಡುತ್ತೇನೆಂದು ಮೇಷ್ಟ್ರು ಬಂದರು.

“ಬೇಡಿ ಮೇಷ್ಟ್ರೇ, ನೀವೂ ಅದನ್ನ ನೋಡಿಲ್ಲವಲ್ಲ,” ಎಂದು ಹೇಳಿ ಹೆಂಡತಿ, ಮೇಲೆ ಆಕಾಶ, ಕೆಳಗೆ ಕೆರೆದ ಗುರುತುಗಳಷ್ಟೇ ಇದ್ದ ಕ್ಯಾನ್ವಾಸನ್ನು ಗೋಡೆಗೆ ನೇತುಹಾಕಿದಳು.