ಜ್ವರಕ್ಕೆ ಕೂತ ಹುಳ, ಐಸು ಕಟ್ಟಿದ ಎಸಿ

ರಾಮನಗರ, ಚನ್ನಪಟ್ಟಣದಲ್ಲಿ ನಾನು ಹತ್ತಿ ಇಳಿಯದ ಮಂಚವಿಲ್ಲ ಎಂದರೆ ಅಪಾರ್ಥ ಮಾಡಿಕೊಳ್ಳಬೇಡಿ. ನನ್ನದು ಎಸಿ ರಿಪೇರಿ ಕಸುಬು, ಎಸಿಯನ್ನು ಜನ ಮಂಚದ ತಲೆಯ ಮೇಲೇ ಹಾಕಿಸಿಕೊಳ್ಳುತ್ತಾರೆ. ಅದಕ್ಕೆ ಕೈ ಎಟುಕಬೇಕಾದರೆ ಮಂಚ ಹತ್ತಲೇಬೇಕು. ಹೀಗೆ ಹತ್ತಿ ಇಳಿದು ಇಳಿದು ನನಗೆ ಒಂದು ಜಂಬ ಬಂದುಬಿಟ್ಟಿತ್ತು. ಬಾಗಿಲಲ್ಲಿ ನಿಂತು ಸದ್ದು ಕೇಳಿಯೇ ಕಾಯಿಲೆ ಇಂಥದ್ದು ಎಂದು ಹೇಳಿಬಿಡುತ್ತಿದ್ದೆ. ತಣ್ಣಗಾಗುತ್ತಿಲ್ಲ ಎಂದು ಫೋನ್ ಮಾಡುವವರಲ್ಲಿ ಅರ್ಧ ಜನ ಫಿಲ್ಟರ್ ತೊಳೆದೇ ಇರುವುದಿಲ್ಲ. ಇನ್ನು ಕೆಲವರು ರಿಮೋಟಿನಲ್ಲಿ ಬರೀ ಫ್ಯಾನ್ ಒತ್ತಿಕೊಂಡು ಬೆವರುತ್ತಾ ಕೂತಿರುತ್ತಾರೆ. ಅಂಥವರಿಗೆ ನಾಲ್ಕು ಮಾತು ಬೈಯದೆ ನನಗೆ ಕೆಲಸ ಮುಗಿಸಿದಂತೆ ಅನಿಸುವುದಿಲ್ಲ. ಕೋಪ ಮೂಗಿನ ತುದಿಯಲ್ಲೇ ಇರುವ ಆಸಾಮಿ ನಾನು.

ನನ್ನ ಅಂಗಿಯ ಜೇಬಿನಲ್ಲಿ ಯಾವಾಗಲೂ ಎರಡು ವಸ್ತು ಇರುತ್ತಿದ್ದವು. ಒಂದು ಹೊಗೆಸೊಪ್ಪಿನ ಪೊಟ್ಟಣ. ಇನ್ನೊಂದು ಟೆಸ್ಟರ್, ಅಂದರೆ ಕರೆಂಟ್ ಇದೆಯೋ ಇಲ್ಲವೋ ನೋಡುವ, ಪೆನ್ನಿನಷ್ಟುದ್ದದ ಪುಟ್ಟ ಸ್ಕ್ರೂಡ್ರೈವರ್. ಇವೆರಡೂ ಜೇಬಿನಲ್ಲಿಲ್ಲದೆ ನಾನು ಮನೆಯ ಹೊಸಿಲು ದಾಟಿದವನಲ್ಲ.

ಎರಡು ಬೇಸಿಗೆಯ ಹಿಂದೆ ಒಂದು ಬೆಳಿಗ್ಗೆ ಹೊಂಗನೂರಿನಿಂದ ಒಬ್ಬ ಹೆಂಗಸು ಫೋನ್ ಮಾಡಿದಳು.

"ಅಣ್ಣ, ಎಸಿ ನೀರ್ ಸುರಿಸ್ತಾ ಐತೆ, ಒಸಿನೂ ತಣ್ಣಗಾಯ್ತಿಲ್ಲ. ಈಗ್ಲೇ ಬಂದ್ಬುಡಿ."

"ಇನ್ನೂ ಎರಡು ಮನೆ ಐತಮ್ಮ. ಸಂಜೆ ಬತ್ತೀನಿ. ಅಲ್ಲೀಗಂಟ ಫ್ಯಾನ್ ಹಾಕ್ಕೊಂಡು ಮಲಗಿ."

"ಮಲಗಿರೋದು ನಾವಲ್ಲ ಕಣಣ್ಣ. ಹುಳ. ಜ್ವರಕ್ಕೆ ಕೂತವೆ."

ನಾನು ಬೈಕ್ ತಿರುಗಿಸಿದೆ. ರೇಷ್ಮೆ ಗೂಡಿನ ಮಾರುಕಟ್ಟೆಯ ಊರಿನಲ್ಲಿ ಬೆಳೆದವನಿಗೆ ಅಷ್ಟು ಅರ್ಥವಾಗುತ್ತದೆ. ಅದು ಚಾಕಿ ಮನೆ, ರೇಷ್ಮೆ ಹುಳದ ಬಾಣಂತನದ ಮನೆ ಎನ್ನಬಹುದು. ಮೊಟ್ಟೆಯಿಂದ ಬಂದ ಮರಿಹುಳುಗಳನ್ನು ಅಲ್ಲಿ ಹದವಾದ ತಂಪಿನಲ್ಲಿ ಸಾಕಿ, ಎರಡನೇ ಜ್ವರ ಎದ್ದ ಮೇಲೆ ರೈತರಿಗೆ ಹಂಚುತ್ತಾರೆ. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ಕೂತಲ್ಲೇ ಕೂತು, ಹಳೆಯ ಚರ್ಮ ಕಳಚುವುದಕ್ಕೆ ನಮ್ಮ ಕಡೆ ಹಾಗೆನ್ನುತ್ತಾರೆ. ಇಷ್ಟೂ ನನಗೆ ಕೇಳಿ ಗೊತ್ತಿತ್ತು. ನಮ್ಮದು ಕುರಿ ಸಾಕಿದ ಮನೆ. ಜ್ವರಕ್ಕೆ ಕೂತ ಹುಳವನ್ನು ನಾನು ಅಲ್ಲಿಯವರೆಗೂ ಕಣ್ಣಾರೆ ಕಂಡಿರಲಿಲ್ಲ.

ನಲವತ್ತರ ಆಸುಪಾಸಿನ ಆ ಹೆಂಗಸು ಬಾಗಿಲಲ್ಲೇ ಕೈ ಅಡ್ಡ ಹಿಡಿದಳು. ಚಾಕಿ ಮನೆ ನಡೆಸುತ್ತಿದ್ದವಳು ಅವಳೇ. ಗಂಡ ಹಿಪ್ಪುನೇರಳೆ ಸೊಪ್ಪಿನ ತೋಟದಲ್ಲಿದ್ದ. ಅವಳು ನನ್ನ ಮುಖ ನೋಡುವುದಕ್ಕೆ ಮೊದಲೇ ಮೂಗು ಅರಳಿಸಿದಳು.

"ಹೊಗೆಸೊಪ್ಪು ಹಾಕ್ತೀರಾ?"

"ಹಾಕ್ತೀನಿ. ಎಸಿಗಲ್ಲ, ಬಾಯಿಗೆ."

ಅವಳು ನಗಲಿಲ್ಲ. ಹಿತ್ತಲಿನ ಬಚ್ಚಲು ತೋರಿಸಿ, ಬಾಯಿ ಮುಕ್ಕಳಿಸಿ, ಮೈಗೆಲ್ಲ ಸೋಪು ಹಚ್ಚಿ ಸ್ನಾನ ಮಾಡಿ ಬರಬೇಕೆಂದಳು. ನನಗೆ ರೇಗಿತು. ನಡು ಬೇಸಿಗೆಯ ಹನ್ನೊಂದು ಗಂಟೆಯಲ್ಲಿ ಅಷ್ಟು ದೂರದಿಂದ ಓಡಿಬಂದರೆ ಇವಳು ಮೈ ತೊಳೆಯಲು ಹೇಳುತ್ತಾಳಲ್ಲ!

"ಇದೇನಮ್ಮ, ಗರ್ಭಗುಡಿನಾ?" ಎಂದೆ.

"ಅದ್ಕಿಂತ ಹೆಚ್ಗೆ ಅನ್ಕಳಿ. ದ್ಯಾವ್ರು ಹೊಗೆಸೊಪ್ಪಿನ ವಾಸ್ನೆ ತಡ್ಕತದೆ. ಹುಳ ತಡಿಯಾಕಿಲ್ಲ."

ಸ್ನಾನ ಮಾಡಿದೆ. ಕೈಗೆ ಮೂರು ಸಲ ಸೋಪು ಹಾಕಿದೆ. ಅವಳ ಗಂಡನ ಒಗೆದ ಪಂಚೆ ಉಟ್ಟು, ಅಂಗಿ ತೊಟ್ಟೆ. ನನ್ನ ಅಂಗಿಯನ್ನು ಪೊಟ್ಟಣದ ಸಮೇತ ಹೊರಗೆ ಹಗ್ಗದ ಮೇಲೆ ಹಾಕಿದೆ. ಹಾಕುವಾಗ ಕೈ ತನ್ನಷ್ಟಕ್ಕೆ ತಾನೇ ಟೆಸ್ಟರನ್ನು ತೆಗೆದು ತೊಟ್ಟ ಅಂಗಿಯ ಜೇಬಿಗೆ ಸಿಕ್ಕಿಸಿತು. ಆ ಬಗ್ಗೆ ನಾನು ಯೋಚಿಸಲೂ ಇಲ್ಲ.

ಬಾಗಿಲಿನ ಬ್ಲೀಚಿಂಗ್ ನೀರಿನಲ್ಲಿ ಕಾಲದ್ದಿ ಒಳಗೆ ಹೋದೆ. ಹೋದವನು ಹಾಗೇ ನಿಂತೆ.

ಗೋಡೆಯಿಂದ ಗೋಡೆಯವರೆಗೆ ಕಬ್ಬಿಣದ ಸ್ಟ್ಯಾಂಡುಗಳು, ಅವುಗಳಲ್ಲಿ ಸಾಲಾಗಿ ಪ್ಲಾಸ್ಟಿಕ್ ಟ್ರೇಗಳು. ಒಂದೊಂದು ಟ್ರೇಯಲ್ಲಿ ಲೆಕ್ಕಕ್ಕೆ ಸಿಗದಷ್ಟು ಹುಳು. ಅಕ್ಕಿ ಕಾಳಿಗಿಂತ ತುಸು ದೊಡ್ಡವು. ಒಂದೂ ಅಲುಗಾಡುತ್ತಿರಲಿಲ್ಲ. ಅಷ್ಟೂ ಹುಳು ಮುಂದಿನ ಅರ್ಧ ಮೈಯನ್ನು ಮೇಲಕ್ಕೆತ್ತಿ, ತಲೆ ಎತ್ತಿಕೊಂಡು ಕೂತಿದ್ದವು. ಇಷ್ಟೊಂದು ಜೀವ ಒಂದೇ ಕೋಣೆಯಲ್ಲಿ ಇಷ್ಟು ಸುಮ್ಮನೆ ಇದ್ದುದನ್ನು ನಾನು ಎಲ್ಲೂ ನೋಡಿಲ್ಲ, ದೇವಸ್ಥಾನದಲ್ಲೂ ನೋಡಿಲ್ಲ. ನನ್ನ ದನಿ ತಾನಾಗಿಯೇ ಪಿಸುಮಾತಿಗೆ ಇಳಿಯಿತು.

"ಟ್ರೇಗಳನ್ನ ಹೊರಗಡೆ ಸಾಗಿಸಿದ್ರೆ ಬೇಗ ಕೆಲಸ ಆಗ್ತದೆ" ಎಂದೆ.

"ಅಯ್ಯೋ, ಮುಟ್ಟಬ್ಯಾಡಿ. ಹಳೇ ಚರ್ಮನ ನೂಲಲ್ಲಿ ಕೆಳಿಕ್ಕೆ ಕಟ್ಕಂಡವೆ. ಅದು ಹಿಡ್ಕಂಡಿದ್ರೇನೇ ಹುಳ ಈಚಿಗ್ ಬರಾದು. ಕಿತ್ತೋದ್ರೆ ಚರ್ಮದೊಳ್ಗೇ ಸಾಯ್ತದೆ."

ಗೋಡೆಯ ಥರ್ಮಾಮೀಟರ್ ಮೂವತ್ಮೂರು ತೋರಿಸುತ್ತಿತ್ತು. ಇಪ್ಪತ್ತೇಳಕ್ಕೆ ಇರಬೇಕಾದ ಕೋಣೆ ಅದು. ಸಂಜೆಗೆ ಹುಳು ಏಳಬೇಕು, ಎದ್ದರೆ ಎಲ್ಲವೂ ಒಟ್ಟಿಗೇ ಏಳಬೇಕು, ಸೆಕೆಗೆ ಸಿಕ್ಕಿ ಹಿಂದುಮುಂದಾದರೆ ತಂಡವೇ ಕೆಟ್ಟಂತೆ ಎಂದು ಅವಳು ವಿವರಿಸಿದಳು. ಬೆಳಿಗ್ಗೆ ಹದಿನಾರು ಮನೆಯವರು ಹುಳ ಒಯ್ಯಲು ಬರುವವರಿದ್ದರು. ಅವರಲ್ಲಿ ಇಬ್ಬರು ಕಬ್ಬಾಳಿನ ಕಡೆಯವರು.

"ಹೋದ್ ಸಲದ ತಂಡ ಕೈಕೊಡ್ತು ಕಣಣ್ಣ. ಈ ಸಲನೂ ಹಂಗಾದ್ರೆ ನನ್ ಹುಳವ ಯಾರೂ ಮನೆವೊಳಿಕ್ಕೆ ಬುಟ್ಕಳಾಕಿಲ್ಲ" ಎಂದಳು. ಹೇಳುವಾಗ ಅವಳು ನನ್ನನ್ನು ನೋಡಲಿಲ್ಲ, ಹುಳುಗಳನ್ನೇ ನೋಡುತ್ತಿದ್ದಳು.

ಸ್ಟೂಲು ಹತ್ತಿ ಎಸಿಯ ಮುಚ್ಚಳ ತೆಗೆದೆ. ಒಳಗಿನ ಕಾಯಿಲಿನ ಮೇಲೆ ಬೆರಳು ದಪ್ಪ ಐಸು ಕಟ್ಟಿತ್ತು. ಗಾಳಿ ಆಡದಿದ್ದರೆ ತಂಪು ಅಲ್ಲೇ ನಿಂತು ಐಸಾಗುತ್ತದೆ, ಕೋಣೆಗೆ ಬರುವುದು ನೀರು ಮಾತ್ರ. ಇದು ನನಗೆ ಹೊಸದೇನಲ್ಲ. ಹೊಸದಾಗಿದ್ದದ್ದು ಅದರ ಕಾರಣ. ಸ್ವಿಚ್ ಆರಿಸಿ, ಉಗುರು ಬೆಚ್ಚಗಿನ ನೀರು ಬಿಟ್ಟು ಐಸು ಕರಗಿಸಿದರೆ ಕಾಯಿಲಿನ ಸಂದುಸಂದಿನಲ್ಲೂ ಬೆಳ್ಳಗೆ ಗಟ್ಟಿಯಾಗಿ ಏನೋ ಮೆತ್ತಿಕೊಂಡಿತ್ತು. ಕೆರೆದು ನೋಡಿದೆ. ಸುಣ್ಣ!

"ಯಾರಮ್ಮ ಎಸಿಗೆ ಸುಣ್ಣ ಹೊಡೆದೋರು?" ಪಿಸುಮಾತಿನಲ್ಲಿ ಬೈಯುವುದು ಎಷ್ಟು ಕಷ್ಟ ಎಂದು ಅವತ್ತೇ ನನಗೆ ತಿಳಿದದ್ದು.

ಬಾಗಿಲಾಚೆ ಕೂತಿದ್ದ ಅವಳ ಅತ್ತೆ, "ನಾನೇ ಕಣಪ್ಪ" ಎಂದಿತು. ಹುಳ ಜ್ವರಕ್ಕೆ ಕೂತಾಗ ಹಾಸಿಗೆ, ಅಂದರೆ ಹುಳದ ಕೆಳಗಿನ ಸೊಪ್ಪಿನ ಹಾಸು, ಒಣಗಲಿ ಎಂದು ಸುಣ್ಣದ ಪುಡಿ ಉದುರಿಸುವುದು ಪದ್ಧತಿ. ಮುದುಕಿ ಬಟ್ಟೆಯ ಗಂಟಿನಲ್ಲಿ ಪುಡಿ ಕಟ್ಟಿಕೊಂಡು ಕೈ ತುಂಬ ಧಾರಾಳವಾಗಿ ಉದುರಿಸಿತ್ತು. ಎಸಿ ಆ ಪುಡಿಯನ್ನು ಎಳೆದುಕೊಂಡು, ತನ್ನದೇ ನೀರಿನಲ್ಲಿ ಕಲಸಿಕೊಂಡು ಗಾರೆ ಮಾಡಿಕೊಂಡಿತ್ತು.

"ಎಸಿ ಆರಿಸಿ ಚೆಲ್ಲಬೇಕಲ್ವಾ ಅಜ್ಜಿ?"

"ಆರ್ಸುದ್ರೆ ಹುಳಕ್ಕೆ ಸೆಕೆ ಆಗಾಕಿಲ್ವಾ ಮಗ?"

ನಾನು ಚೀಲದಿಂದ ಕಾಯಿಲ್ ತೊಳೆಯುವ ನೊರೆಯ ಡಬ್ಬಿ ತೆಗೆದೆ. ಸೊಸೆ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಮೂಸಿ, ಹೋಗಿ ಅಂಗಳದಲ್ಲಿಟ್ಟು ಬಂದಳು. ಗಾಳಿ ಹೊಡೆಯುವ ಬ್ಲೋವರ್ ಕಡೆ ಕೈ ಹಾಕಿದೆ, ಅದೂ ಬೇಡವೆಂದು ತಲೆಯಾಡಿಸಿದಳು. ಬರೀ ನೀರಿಗೆ ಸುಣ್ಣ ಬಿಡುತ್ತಿರಲಿಲ್ಲ. ಇಷ್ಟು ವರ್ಷದ ನನ್ನ ಕಸುಬೆಲ್ಲ ಅಂಗಳಕ್ಕೆ ಹೋಗಿ ಕೂತಿತು.

ಆಗ ಮುದುಕಿ ಎದ್ದು ಹೋಗಿ ಒಂದು ಚೊಂಬು ತಂದಿತು. ಬಟ್ಟೆಯಲ್ಲಿ ಸೋಸಿದ ತೆಳ್ಳನೆಯ ಹುಣಸೆಹಣ್ಣಿನ ನೀರು. "ತಾಮ್ರದ ಹಂಡೇಲಿ ಕಟ್ಟಿರೋ ಸುಣ್ಣ ಇದ್ಕೇ ಬುಡೋದು. ನಿಂದೂ ತಾಮ್ರದ ಪೈಪೇ ಅಲ್ವೇನ್ಲಾ?" ಎಂದಿತು.

ನಾನು ನಕ್ಕುಬಿಡುವವನಿದ್ದೆ. ಆದರೂ ಒಂದು ಮೂಲೆಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಎಳೆದೆ. ಸುಣ್ಣ ಜಾರಿ ಬಂತು. ಕೆಳಗೆ ಪೈಪಿನ ಸುತ್ತಲಿನ ಅಲ್ಯೂಮಿನಿಯಂ ಪಟ್ಟಿ ಹೊಳೆಯಿತು. ಕೆಳಗಿನ ಟ್ರೇಗಳ ಮೇಲೆ ಹನಿ ಬೀಳದಂತೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಸಂದು ಸಂದಾಗಿ ಹಚ್ಚುತ್ತಾ, ಉಜ್ಜುತ್ತಾ, ಹುಳಿ ಉಳಿಯದಂತೆ ಒಳ್ಳೆಯ ನೀರು ಬಿಡುತ್ತಾ ಹೋದೆ. ಅತ್ತೆ ಹುಣಸೆ ನೀರು ಸೋಸಿ ಕೊಡುವುದು, ಸೊಸೆ ಕಿಟಕಿಗೆ ಒದ್ದೆ ಗೋಣಿಚೀಲ ಕಟ್ಟುವುದು, ನಾನು ಉಜ್ಜುವುದು.

ಕೆಲಸ ಮುಗಿಯುವ ಹೊತ್ತಿಗೆ ಎಡವಟ್ಟಾಯಿತು. ಪ್ಲಾಸ್ಟಿಕ್ ಹಾಳೆ ಬಿಚ್ಚಿ, ಮುಚ್ಚಳದ ಸ್ಕ್ರೂ ಎತ್ತಿಕೊಳ್ಳಲು ಬಗ್ಗಿದಾಗ ಜೇಬಿನಿಂದ ಟೆಸ್ಟರ್ ಜಾರಿ, ಎಸಿಯ ಕೆಳಗಿದ್ದ ಸ್ಟ್ಯಾಂಡಿನ ಎಲ್ಲಕ್ಕಿಂತ ಮೇಲಿನ ಟ್ರೇಯ ಅಂಚಿಗೆ ಬಿತ್ತು. ಹಾಸಿಗೆಯ ಮೇಲೆ, ಹುಳುಗಳ ಪಕ್ಕದಲ್ಲೇ. ತಕ್ಷಣ ಎತ್ತಿಕೊಂಡೆ. ಒಂದು ಹುಳವೂ ಜಜ್ಜಿಹೋಗಿರಲಿಲ್ಲ. ಸೊಸೆ ಕಿಟಕಿಯ ಕಡೆ ತಿರುಗಿದ್ದಳು. ಏನೂ ಆಗಿಲ್ಲವಲ್ಲ, ಹೇಳಿ ಯಾಕೆ ಅವಳನ್ನು ಗಾಬರಿಗೊಳಿಸಬೇಕು ಎಂದುಕೊಂಡೆ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಸ್ವಿಚ್ ಹಾಕಿದೆ. ತಂಪು ಗಾಳಿ ಬಂತು. ಥರ್ಮಾಮೀಟರ್ ಮೂವತ್ತೆರಡು, ಮೂವತ್ತು ಎಂದು ಇಳಿಯುತ್ತಾ ಮಧ್ಯಾಹ್ನ ಕಳೆಯುವುದರೊಳಗೆ ಇಪ್ಪತ್ತೇಳಕ್ಕೆ ನಿಂತಿತು. ನನ್ನ ಕೆಲಸ ಮುಗಿದಿತ್ತು, ಹೊರಡಬಹುದಿತ್ತು. ಕಾಲು ಏಳಲಿಲ್ಲ. ಅವು ಏಳುವುದನ್ನು ನೋಡಬೇಕು ಎನಿಸಿತು.

ಐದು ಗಂಟೆಯ ಸುಮಾರಿಗೆ ಸೊಸೆ ನನ್ನನ್ನು ಕರೆದು ಒಂದು ಹುಳದ ಕಡೆ ಬೆರಳು ತೋರಿಸಿದಳು. ತಲೆಯ ಹಿಂದೆ ಚರ್ಮ ಬಿರಿದಿತ್ತು. ಹುಳ ಮೈಯನ್ನು ಅಲೆಅಲೆಯಾಗಿ ಒತ್ತುತ್ತಾ, ತನ್ನೊಳಗಿಂದ ತಾನೇ ಹೊರಗೆ ಬಂತು. ಹಳೆಯ ಚರ್ಮ ಅದು ಕಟ್ಟಿದ ನೂಲಿಗೆ ಅಂಟಿಕೊಂಡು ಹಿಂದೆ ಉಳಿಯಿತು. ಹೊಸ ತಲೆ ಮೈಗಿಂತ ದಪ್ಪ, ತೆಳು ಬಣ್ಣದ್ದು. ಪಕ್ಕದ್ದೂ ಬಂತು. ಅದರ ಪಕ್ಕದ್ದೂ. ಆಮೇಲೆ ನೋಡಿದ ಕಡೆಯೆಲ್ಲ ಅದೇ. ಯಾರೂ ಗಂಟೆ ಹೊಡೆದಿರಲಿಲ್ಲ. ಇವಕ್ಕೆ ಹೊತ್ತು ತಿಳಿಸಿದವರು ಯಾರು? ದಿನಬೆಳಗಾದರೆ ಗಾಳಿಯ ಹದ ಮಾಡುವವನು ನಾನು, ಆ ಹದದೊಳಗೆ ಏನು ನಡೆಯುತ್ತದೆ ಎಂದು ಎಂದೂ ನೋಡಿರಲಿಲ್ಲ. ಕಣ್ಣು ತುಂಬಿ ಬಂತು. ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ಎಲ್ಲ ಎದ್ದವು ಎಂದು ಖಾತ್ರಿಯಾದ ಮೇಲೆ ಅವಳು ಹೆಚ್ಚಿದ ಎಳೆ ಸೊಪ್ಪು ಉದುರಿಸಿದಳು. ಹುಳ ಸೊಪ್ಪಿನ ಮೇಲೆ ಹತ್ತಿ ಮೇಯತೊಡಗಿದವು. ಅವಳು ಒಂದೊಂದೇ ಟ್ರೇ ನೋಡುತ್ತಾ ಬಂದು ಎಸಿಯ ಕೆಳಗಿನ ಟ್ರೇ ಮುಂದೆ ನಿಂತಳು. ಬಗ್ಗಿ ನೋಡಿದಳು.

ನಾನೂ ಹೋಗಿ ನೋಡಿದೆ. ಅಂಚಿನಲ್ಲಿ ಒಂದು ಗೆರೆಯುದ್ದಕ್ಕೆ ಹುಳುಗಳು ಮೇಯುತ್ತಿರಲಿಲ್ಲ. ತಲೆ ಎತ್ತಿ ಅತ್ತಿತ್ತ ಆಡಿಸುತ್ತಿದ್ದವು, ಬಾಯಿಂದ ಹಸಿರು ನೀರು ಕಕ್ಕುತ್ತಿದ್ದವು. ಗೆರೆಯ ಆಚೆ ಈಚೆ ಎಲ್ಲವೂ ನೆಟ್ಟಗಿದ್ದವು. ಆ ಗೆರೆಯ ಉದ್ದ ನನಗೆ ಗೊತ್ತಿತ್ತು. ಅದು ಟೆಸ್ಟರಿನ ಉದ್ದ.

ಮೈ ತೊಳೆದಿದ್ದೆ, ಬಾಯಿ ತೊಳೆದಿದ್ದೆ, ಬಟ್ಟೆ ಬಿಟ್ಟಿದ್ದೆ. ಪೊಟ್ಟಣದ ಪಕ್ಕದಲ್ಲೇ ಇಷ್ಟು ವರ್ಷ ಸಂಸಾರ ಮಾಡಿದ ಟೆಸ್ಟರನ್ನು ತೊಳೆದಿರಲಿಲ್ಲ. ಕಣ್ಣಿಗೆ ಕಾಣದಷ್ಟು ಹೊಗೆಸೊಪ್ಪಿನ ಧೂಳು ಆ ಹಾಸಿಗೆಗೆ ಉದುರಿತ್ತು.

"ಇಲ್ಲೇನಾರ ಬಿತ್ತಾ ಅಣ್ಣ?" ಅವಳು ಕೇಳಿದಳು.

ಸುಳ್ಳು ಹೇಳಬಹುದಿತ್ತು. ಆದರೆ ಟ್ರೇಯಲ್ಲಿ ನನ್ನ ರುಜು ಬಿದ್ದಿತ್ತು. ಜೇಬಿನಿಂದ ಟೆಸ್ಟರ್ ತೆಗೆದು ತೋರಿಸಿದೆ. "ಮಧ್ಯಾಹ್ನ ಬಿತ್ತಮ್ಮ. ಆಗಲೇ ಹೇಳ್ಬೇಕಿತ್ತು. ಹೇಳಲಿಲ್ಲ. ತಪ್ಪಾಯ್ತು."

ಅವಳು ಬೈಯಲಿಲ್ಲ. ಬೈದಿದ್ದರೆ ನನಗೆ ಸಲೀಸಾಗುತ್ತಿತ್ತು. ಒಂದು ಕಾಗದದ ತುಂಡಿನಿಂದ ಆ ಗೆರೆಯನ್ನೂ, ಅದರ ಸುತ್ತ ಒಂದು ಗೇಣು ಹಾಸಿಗೆಯನ್ನೂ ಎತ್ತಿ ಹೊರಗೆ ಒಯ್ದಳು. ಬಂದು ಕೈ ತೊಳೆದು, ಉಳಿದ ಟ್ರೇಗಳನ್ನೆಲ್ಲ ಮತ್ತೊಮ್ಮೆ ನೋಡಿದಳು. ನಾನು ಅವಳ ಹಿಂದೆ ಹಿಂದೆ ನಡೆದೆ. ಎಲ್ಲ ಮೇಯುತ್ತಿದ್ದವು.

"ಹೊತ್ತಿಗ್ ಸರಿಯಾಗಿ ಕಂಡೋ. ಇಲ್ದಿದ್ರೆ ನಾಳೀಕೆ ಯಾರ್ ಮನೇಲೋ ಸಾಯೋವು" ಎಂದಳು. ಆಮೇಲೆ, "ಸಾಮಾನೂ ತೊಳ್ಕಳಿ ಅಂತ ನಾನೂ ಹೇಳ್ನಿಲ್ಲ" ಎಂದು ತಪ್ಪಿನಲ್ಲಿ ಅರ್ಧವನ್ನು ತನ್ನ ಕಡೆ ಎಳೆದುಕೊಂಡಳು.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೋಗಲಾಗಲಿಲ್ಲ. ಹೊಂಗನೂರಿಗೇ ಹೋಗಿ, ಅವಳ ಮನೆಯಿಂದ ದೂರದಲ್ಲಿ ಬೈಕ್ ನಿಲ್ಲಿಸಿಕೊಂಡು ನೋಡಿದೆ. ಒಬ್ಬೊಬ್ಬರಾಗಿ ಬಂದು, ಟ್ರೇಯಲ್ಲಿ ಇಣುಕಿ, ತಲೆಯಾಡಿಸಿ ಹುಳ ಒಯ್ದರು. ಎಣಿಸಿದೆ. ಹದಿನಾರು ಮನೆ.

ಹೊಗೆಸೊಪ್ಪು ಬಿಟ್ಟೆ ಎಂದು ಬರೆದರೆ ಚೆನ್ನಾಗಿರುತ್ತಿತ್ತು, ಆದರೆ ಸುಳ್ಳು. ಚಾಕಿ ಮನೆಗೆ ಹೋಗುವ ಮೂರು ದಿನ ಮುಂಚಿನಿಂದ ಮುಟ್ಟುವುದಿಲ್ಲ, ಅಷ್ಟೇ ನನ್ನಿಂದ ಆಗಿದ್ದು. ಆ ಮನೆಗಳಿಗೆಂದೇ ಬೇರೆ ಟೆಸ್ಟರ್, ಬೇರೆ ಸ್ಕ್ರೂಡ್ರೈವರ್ ಇಟ್ಟಿದ್ದೇನೆ. ಬಿಸಿನೀರಿನಲ್ಲಿ ತೊಳೆದು ಒಗೆದ ಬಟ್ಟೆಯಲ್ಲಿ ಸುತ್ತಿರುತ್ತೇನೆ.

ಮುಂದಿನ ಬೇಸಿಗೆಯಲ್ಲಿ ಅವಳಿಂದ ಮತ್ತೆ ಫೋನ್ ಬಂದಾಗ ನನಗೆ ನಂಬಲಾಗಲಿಲ್ಲ. ನನ್ನನ್ನೇ ಕರೆದಿದ್ದಳು. ಸ್ನಾನ ಮಾಡಿ, ಅವಳ ಗಂಡನ ಅಂಗಿ ತೊಟ್ಟು, ಬಾಗಿಲಲ್ಲಿ ನಿಂತು, ಅವಳು ಕೇಳುವ ಮೊದಲೇ ಬಟ್ಟೆಯ ಗಂಟು ಬಿಚ್ಚಿ ಮುಂದೆ ಹಿಡಿದೆ. ಅವಳು ಟೆಸ್ಟರ್ ಎತ್ತಿ ಮೂಸಿದಳು. ಆಮೇಲೆ ಸ್ಕ್ರೂಡ್ರೈವರ್. ಆಮೇಲೆ ನನ್ನ ಬೆರಳು. ಶಾಲೆಯ ಮಗುವಿನ ಹಾಗೆ ಕೈ ಚಾಚಿಕೊಂಡು ನಿಂತಿದ್ದೆ.

"ಬನ್ನಿ ಒಳಿಕ್ಕೆ" ಎಂದಳು. "ಮೆಲ್ಲಕ್ಕೆ. ಈಗ ತಾನೆ ಕೂತವೆ."